ಅಮ್ಮನ ಮಗ್ಗುಲು ಬದಲಿಸುವ ಗಂಟೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಿಟಕಿ ಪಕ್ಕದ ಮೇಜಿನ ಮುಂದೆ, ಎಲ್ಲರೂ ಟೈಪಕ್ಕ ಎಂದೇ ಕರೆಯುವ ಈ ಮನೆಯ ಮಗಳು ಆಗಲೇ ಹೆಡ್‌ಫೋನ್ ಏರಿಸಿ ಕೂತಿದ್ದಾರೆ. ಕಾಲಡಿಯ ಪೆಡಲ್ ಒತ್ತಿದರೆ ವೈದ್ಯರು ರೆಕಾರ್ಡ್ ಮಾಡಿ ಕಳಿಸಿದ ದನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕೇಳಿದ್ದೆಲ್ಲ ಬೆರಳ ತುದಿಯಲ್ಲಿ ರೋಗಿಗಳ ವರದಿಯಾಗುತ್ತದೆ. ಪರದೆಯ ಮೂಲೆಯಲ್ಲೊಂದು ಪುಟ್ಟ ಕಪ್ಪು ಚೌಕ. ಚಿತ್ರವಿಲ್ಲ, ಬಟನ್ನಿಲ್ಲ, ಇಳಿಯುವ ನಿಮಿಷಗಳಷ್ಟೇ. ಸೊನ್ನೆಗೆ ಬಂದದ್ದೇ ಹಳೇ ಕಂಪ್ಯೂಟರಿನ ಡಬ್ಬ ‘ಬೀಪ್’ ಅನ್ನುತ್ತದೆ.

“ಏಳೇ, ನಿನ್ನ ಯಜಮಾನ್ರು ಕರೀತಿದಾರೆ!” ಒಳಕೋಣೆಯಿಂದ ಅಮ್ಮ ಕೂಗುತ್ತಾರೆ.

ಮಗಳು ನಗುತ್ತಾ ಏಳುತ್ತಾರೆ.

ಬೆನ್ನುಹುರಿಗೆ ಪೆಟ್ಟು ಬಿದ್ದ ಮೇಲೆ ಅಮ್ಮನಿಗೆ ಮಂಚವೇ ಮನೆ. ಮಲಗಿದಲ್ಲೇ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು. ಆದರೆ ಟೈಪಕ್ಕನ ಸ್ವಭಾವವೇ ಬೇರೆ. “ಕೂತ್ರೆ ಮುಗೀತು. ಯಾರು ಬಂದ್ರು, ಯಾರು ಹೋದ್ರು, ಊಹೂಂ, ಗೊತ್ತೇ ಆಗಲ್ಲ. ಮೊಬೈಲ್ ಅಲಾರಂ ಇಟ್ಕೊಂಡೆ. ಒಂದು ಕೈಲಿ ಆರಿಸಿ ಇನ್ನೊಂದು ಕೈಲಿ ಟೈಪ್ ಮಾಡ್ತಿದ್ದೆ.”

ಒಂದು ವಾರ ತುರ್ತು ಕೆಲಸ ಬಂತು. ಮಗಳಿಗೆ ತೊಂದರೆಯಾದೀತೆಂದು ಅಮ್ಮ ಕರೆಯಲಿಲ್ಲ. ವಾರದ ಕೊನೆಗೆ ಮೈ ಒರೆಸುವಾಗ ಸೊಂಟದ ಹತ್ತಿರ ಹುಣ್ಣು ಕಂಡಿತು. “ಊರವರ ಹುಣ್ಣೆಲ್ಲ ಟೈಪ್ ಮಾಡಿದೋಳು ನಾನು. ನಮ್ಮಮ್ಮಂದೇ ಕಾಣಲಿಲ್ಲ,” ಎನ್ನುವಾಗ ಅವರ ದನಿ ಇಳಿಯುತ್ತದೆ.

ಹುಣ್ಣು ಮಾಯಲು ತಿಂಗಳುಗಳೇ ಹಿಡಿದವು. ಆ ದಿನಗಳಲ್ಲೇ, ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ತಮ್ಮನ ಹೆಂಡತಿಯನ್ನು ಫೋನಿನಲ್ಲಿ ಹಿಡಿದು ಕೂರಿಸಿಕೊಂಡು ಈ ಕಪ್ಪು ಚೌಕದ ಪ್ರೋಗ್ರಾಂ ತಾವೇ ಬರೆದರು. “ಹುಳಿಗೆ ಎಷ್ಟು ಉಪ್ಪು ಅಂತ ಹೇಳೋ ಥರ ಒಂದೊಂದೇ ಸಾಲು ಹೇಳಿಕೊಟ್ಟಳು.” ಮೊದಲ ದಿನ ಬೀಪ್ ನಿಲ್ಲಲೇ ಇಲ್ಲ. “ಅದರ ಬಾಯಿಗೆ ಬಟ್ಟೆ ತುರುಕೇ!” ಎಂದು ಅಮ್ಮ ಗೋಳಾಡಿದ್ದೂ ಆಯಿತು.

ಈಗ ಕಪ್ಪು ಚೌಕದಲ್ಲಿ ‘ಶುರು’ ಎಂದು ಟೈಪಿಸಿ ಎಂಟರ್ ಒತ್ತಿದರೆ ಸಾಕು. ಇಪ್ಪತ್ತೈದು ನಿಮಿಷ ಕೆಲಸ, ಐದು ನಿಮಿಷ ಬಿಡುವು. ನಾಲ್ಕನೇ ಬಿಡುವಿಗೆ ಮಾತ್ರ ಒಂದು ಪ್ರಶ್ನೆ ಮೂಡುತ್ತದೆ: ‘ಅಮ್ಮನ ಮಗ್ಗುಲು ಬದಲಿಸಿದೆಯಾ?’ ‘ಹೌದು’ ಎಂದು ಬರೆಯುವವರೆಗೆ ಬೀಪ್ ನಿಲ್ಲುವುದಿಲ್ಲ.

ಸುಳ್ಳು ಬರೆದರೆ?

“ಅಲಾರಂಗಾದ್ರೆ ಮೋಸ ಮಾಡಬಹುದು. ಇಷ್ಟು ನೇರವಾಗಿ ಕೇಳಿದ್ರೆ ಕೈ ಬರಲ್ಲ,” ಎನ್ನುತ್ತಾರೆ.

ಉಳಿದ ಬಿಡುವುಗಳು ಮಾತಿಗೆ, ನೀರಿಗೆ, ಪಕ್ಕದ ಮನೆಯ ಸುದ್ದಿಗೆ. ಅಮ್ಮನೂ ಈಗ ಹೇಳಬೇಕಾದ್ದನ್ನು ನುಂಗಿಕೊಳ್ಳುವುದಿಲ್ಲ. ಜೊತೆಯ ಟೈಪಿಸ್ಟರು ಕೇಳಿದ್ದಕ್ಕೆ ಟೈಪಕ್ಕ ಅವರಿಗೂ ಈ ಪ್ರೋಗ್ರಾಂ ಕಳಿಸಿದ್ದಾರೆ. ಪ್ರಶ್ನೆಯ ಜಾಗ ಖಾಲಿ ಬಿಟ್ಟು. “ಅವರವರ ಮನೇದು ಅವರವರೇ ಬರ್ಕೋಬೇಕಲ್ವಾ?”

ಕಳೆದ ತಿಂಗಳು ತಪಾಸಣೆಗೆ ಬಂದ ನರ್ಸ್ ಅಮ್ಮನ ಬೆನ್ನಿನುದ್ದಕ್ಕೂ ಕೈಯಾಡಿಸಿ, ಎಲ್ಲೂ ಹೊಸ ಹುಣ್ಣಿಲ್ಲದ್ದು ನೋಡಿ, “ಎಷ್ಟು ಜನ ನೋಡ್ಕೊಳ್ತೀರಿ ಇವರನ್ನ?” ಎಂದು ಕೇಳಿದರಂತೆ. ಮಗಳು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿಬಿಟ್ಟರು: “ಇವಳೊಬ್ಬಳೇ ಕಣಮ್ಮ.”

“ಆವತ್ತು ಎರಡು ತುತ್ತು ಜಾಸ್ತಿ ಊಟ ಮಾಡಿದೆ ಅಂದ್ಕೊಳ್ಳಿ,” ಎಂದು ಟೈಪಕ್ಕ ಮತ್ತೆ ಪೆಡಲ್ ಮೇಲೆ ಕಾಲಿಡುತ್ತಾರೆ.