ಮುದುಕಿಯನ್ನು ಕೊಂದ ಸಿನಿಮಾ

ಆ ಕಾದಂಬರಿಯ ಹೆಸರನ್ನು ನಾನು ಹೇಳುವುದಿಲ್ಲ. ಬರೆದವರ ಹೆಸರನ್ನೂ ಹೇಳುವುದಿಲ್ಲ. ಇಷ್ಟು ವರ್ಷವಾದರೂ ಅದರ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಹೆಸರು ಹೇಳಿ ಇನ್ನೊಂದು ಪ್ರತಿ ಮಾರಿಕೊಡುವ ಉಪಕಾರ ನನ್ನಿಂದಾಗದು. ಅದು ಸಿನಿಮಾ ಆಗಿ ಬಂದಾಗ ರಾಣೇಬೆನ್ನೂರಿನ ಟಾಕೀಜಿನ ಮುಂದೆ ಬೈದಾಡಿದ ಮಂದಿಯಲ್ಲಿ ಮುಕ್ಕಾಲು ಪಾಲು ಕುದುರೆಗಾಗಿ ಬೈದರು. ಬ್ಯಾಡಗಿಯಿಂದ ಹೋಗಿದ್ದ ನಾವು ಹೆಂಗಸರು ಮಾತ್ರ ಒಬ್ಬ ಮುದುಕಿಗಾಗಿ ಬೈದೆವು.

ಎಂಬತ್ತರ ದಶಕದ ಕೊನೆಯ ಮಾತು. ನಾನು ಹೈಸ್ಕೂಲು ಮುಗಿಸಿ ಮನೆಯಲ್ಲಿದ್ದೆ. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಕಾಯಿ ಕೊಂಡು ಮಾರುವ ಅಡತಿ ಅಂಗಡಿಯಿಂದ ನಮ್ಮ ಪಡಸಾಲೆಗೆ ಚೀಲಗಳು ಬರುತ್ತಿದ್ದವು. ಅಜ್ಜಿ, ನಾನು, ಓಣಿಯ ಹೆಂಗಸರೆಲ್ಲ ಸುತ್ತ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಬೆರಳು ಉರಿಯತೊಡಗುತ್ತಿತ್ತು. ಆ ಕೈಯಿಂದ ಕಣ್ಣು ಉಜ್ಜುವಂತಿಲ್ಲ, ಅಳುವ ಕೂಸನ್ನು ಎತ್ತುವಂತಿಲ್ಲ, ಆ ಕಾದಂಬರಿ ಧಾರಾವಾಹಿಯಾಗಿ ಬರುತ್ತಿದ್ದ ವಾರಪತ್ರಿಕೆಯನ್ನಂತೂ ಮುಟ್ಟುವಂತೆಯೇ ಇಲ್ಲ. ಪತ್ರಿಕೆ ಅಡತಿ ಸಾಹುಕಾರರ ಮನೆಯದು. ಅವರ ಸೊಸೆ ಆ ಧಾರಾವಾಹಿಯ ಹಾಳೆಗಳನ್ನು ಕೂಡಿಸಿ ಹಾವೇರಿಯಲ್ಲಿ ಬೈಂಡು ಮಾಡಿಸುವವರಿದ್ದರು. ಒಂದು ಕೆಂಪು ಬೆರಳಚ್ಚು ಬಿದ್ದರೂ ಮುಂದಿನ ವಾರದಿಂದ ಪತ್ರಿಕೆ ಬಂದ್. ಸಂಜೆಯೊಳಗೆ ಬಂದ ಹಾಗೇ ತಿರುಗಿ ಮುಟ್ಟಿಸಬೇಕಿತ್ತು.

ಹಾಗಾಗಿ ಓದುವವಳು ಒಬ್ಬಳೇ. ಪತ್ರಿಕೆ ಬಂದ ದಿನ ಆಕೆ ಕಾಯಿ ಮುಟ್ಟುತ್ತಿರಲಿಲ್ಲ. ಆಕೆಯ ಪಾಲಿನ ಗುಡ್ಡೆಯನ್ನು ಉಳಿದವರು ತಮ್ಮ ಕಡೆಗೆ ಎಳೆದುಕೊಂಡು ಬಿಡಿಸುತ್ತಿದ್ದರು. ಇದನ್ನು ಯಾರೂ ಗೊತ್ತು ಮಾಡಿದ್ದಲ್ಲ, ತಾನಾಗಿ ರೂಢಿಯಾಗಿತ್ತು.

ಓದುವವಳು ನನ್ನ ಸೋದರತ್ತೆ. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಏಳನೆಯ ಇಯತ್ತೆವರೆಗೆ ಕಲಿತಿದ್ದಳು. ಹೈಸ್ಕೂಲು ಕಲಿತ ನನಗೂ ಆಕೆಯ ಹಾಗೆ ಓದಲು ಬರುತ್ತಿರಲಿಲ್ಲ. ಆಕೆಯ ಓದಿನಲ್ಲಿ ಕುದುರೆ ಬಂದರೆ ಕುದುರೆಯೇ ಬರುತ್ತಿತ್ತು, ಮಾಟಗಾರ ಬಂದರೆ ಹೆಂಗಸರು ಸೆರಗು ಬಿಗಿ ಮಾಡಿಕೊಳ್ಳುತ್ತಿದ್ದರು. ಮನೆಯಲ್ಲಿ ಆಕೆಯನ್ನು ಜನ ಮುಂದೆ ಕೂಡಿಸಿ ನೋಡುತ್ತಿದ್ದದ್ದು ಆ ಒಂದು ಮಧ್ಯಾಹ್ನ ಮಾತ್ರ. ಸೀಮಂತ ಇರಲಿ, ತೊಟ್ಟಿಲು ಇರಲಿ, ಅತ್ತೆ ಅಡುಗೆಮನೆಯಲ್ಲಿ. ಹಾಗೆ ಅಲ್ಲಿ ಕೂಡಿಸಿದವಳು ಬೇರೆ ಯಾರೂ ಅಲ್ಲ, ಆಕೆಯ ಹೆತ್ತ ತಾಯಿ, ನನ್ನ ಅಜ್ಜಿ. ಅಜ್ಜಿಯೂ ಗಂಡ ಸತ್ತವಳೇ. ಆದರೆ ತಾನು ಅನುಭವಿಸಿದ್ದನ್ನು ಮಗಳೂ ಅನುಭವಿಸಲಿ ಎನ್ನುವುದು ನಮ್ಮ ಮನೆಗಳಲ್ಲಿ ನ್ಯಾಯ ಎನಿಸಿಕೊಳ್ಳುತ್ತದೆ.

ಕಥೆ ಹೀಗಿತ್ತು. ಮಾಟಗಾರನೊಬ್ಬ ಒಂದು ಸೀಮೆಯ ಬೆಂಕಿಯನ್ನೆಲ್ಲ ಕದ್ದು ಏಳು ಸುತ್ತಿನ ಕೋಟೆಯೊಳಗೆ ಇಟ್ಟಿದ್ದಾನೆ. ಅದನ್ನು ತರಲು ರಾಜಕುಮಾರ ರೆಕ್ಕೆಯ ಕರಿ ಕುದುರೆ ಏರಿ ಹೊರಡುತ್ತಾನೆ. ಅವನಿಗೆ ದಾರಿ ತೋರಿಸುವವಳು ಒಬ್ಬ ವಿಧವೆ ಮುದುಕಿ. ಆ ಕಾಡು, ಆ ಹೊಳೆ, ಆ ಹಾವುಗಳ ಭಾಷೆ ಎಲ್ಲ ಗೊತ್ತಿರುವುದು ಆಕೆಗೆ. ರಾಜಕುಮಾರನಿಗೆ ಗೊತ್ತಿರುವುದು ಕತ್ತಿ ಬೀಸುವುದೊಂದೇ. ಹೆಂಗಸರಿಗೆ ಅವನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಮುದುಕಿ ಈ ವಾರ ಏನಂದಳು, ಅದನ್ನು ಹೇಳು ಎನ್ನುವವರೇ ಎಲ್ಲ.

ಕೋಟೆಯ ಕೊನೆಯ ಬಾಗಿಲು ಕಲ್ಲಿನದು. ಒಂದು ಜೀವ ಕೊಟ್ಟರೆ ಮಾತ್ರ ತೆರೆಯುತ್ತದೆ. ಆ ವಾರ ಅತ್ತೆ ಓದಿದ್ದನ್ನು ನಮ್ಮ ಓಣಿ ಬಹಳ ವರ್ಷ ಮರೆಯಲಿಲ್ಲ. ಮುದುಕಿ ಬಾಗಿಲಿನ ಮುಂದೆ ಕಾಲು ಚಾಚಿ ಕುಳಿತು ಅದರ ಕೂಡ ಮಾತಿಗೆ ತೊಡಗುತ್ತಾಳೆ. ಎಷ್ಟು ವರ್ಷದಿಂದ ನಿಂತಿದ್ದಿ, ಕಾಲು ನೋಯುವುದಿಲ್ಲವೇ, ಒಳಗಿನವರು ಯಾರಾದರೂ ನಿನ್ನನ್ನು ಉಂಡೆಯಾ ಎಂದು ಕೇಳಿದ್ದಾರೆಯೇ ಎಂದು ವಿಚಾರಿಸುತ್ತಾಳೆ. ಬಾಗಿಲು ಅತ್ತುಬಿಡುತ್ತದೆ. ಜೀವ ಗೀವ ಏನೂ ಬೇಡ, ಒಳಗೆ ಬಾ ಎನ್ನುತ್ತದೆ. ಹೆಂಗಸರು ಒಮ್ಮೆ ನಕ್ಕರು, ಒಮ್ಮೆ ಮೂಗು ಏರಿಸಿದರು. ಎದುರು ಮನೆಯಾಕೆ ಮರೆತು ಖಾರದ ಕೈಯಿಂದಲೇ ಕಣ್ಣು ಒರೆಸಿಕೊಂಡು ಹಿತ್ತಲಿಗೆ ಓಡಿದಳು. ಮುಂದೆ ಕಥೆ ಮುಗಿಯುವವರೆಗೂ ಮುದುಕಿ ಪ್ರತಿ ವಾರ ಬಂದಳು, ರಾಜಕುಮಾರನನ್ನು ಗದರಿಸಿದಳು, ಬೆಂಕಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಊರಿಗೆ ಬಂದಳು.

ಮುಂದಿನ ಸುಗ್ಗಿಯ ಹೊತ್ತಿಗೆ ಸಿನಿಮಾ ಬಂದ ಸುದ್ದಿ ತಂದವಳು ಎದುರು ಮನೆಯಾಕೆಯೇ. ರಾಣೇಬೆನ್ನೂರಿಗೆ ಬಂದಿದೆ, ಎಲ್ಲರೂ ಕೂಡಿ ಹೋಗೋಣ ಎಂದಳು. ಅತ್ತೆಯೂ ಬರುತ್ತೇನೆಂದಾಗ ಅಜ್ಜಿ ಉರಿದುಬಿದ್ದಳು.

“ಗಂಡ ಸತ್ತಾಕಿ ಟಾಕೀಜಿಗೆ ಹೊಂಟ್ರ ಮಂದಿ ಏನಂದಾರು?”

“ಆ ಮುದಿಕಿನ್ನ ನೋಡಾಕ ಹೊಂಟೇನಿ. ಕುಣಿಯಾಕಲ್ಲ,” ಅಂದಳು ಅತ್ತೆ. ಆಕೆ ತಾಯಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ಆ ದಿನ ಉಣ್ಣಲಿಲ್ಲ. ಅತ್ತೆ ಆದರೂ ಹೊರಟಳು.

ಸಿನಿಮಾದವರ ಬುದ್ಧಿಗೆ ಏನೆನ್ನಲಿ? ಕರಿ ಕುದುರೆ ಬಿಳಿಯದಾಗಿತ್ತು. ಅದರ ರೆಕ್ಕೆ ನಮ್ಮ ಮನೆಯ ಹಳೆಯ ಕೌದಿಯ ಹಾಗೆ ಜೋತುಬಿದ್ದಿತ್ತು. ಏಳು ಸುತ್ತಿನ ಕೋಟೆ ಒಂದೇ ಸುತ್ತಿಗೆ ಮುಗಿದಿತ್ತು. ಪುಸ್ತಕದಲ್ಲಿ ಇಲ್ಲದ ಇಬ್ಬರು ನಗೆಗಾರರು ಬಂದು ಒಬ್ಬರಿಗೊಬ್ಬರು ಒದ್ದುಕೊಂಡರು. ರಾಜಕುಮಾರಿ ಹಿಮದಲ್ಲಿ ಕುಣಿದಳು. ಬಾಲ್ಕನಿಯಲ್ಲಿದ್ದ ಕಾಲೇಜು ಹುಡುಗರು ಕುದುರೆ ಬಂದಾಗಲೆಲ್ಲ ಕೂಗಿ ಬೈದರು. ನಾವು ಅದನ್ನೆಲ್ಲ ತಡೆದುಕೊಂಡು ಕುಳಿತೆವು. ನಮ್ಮ ಮುದುಕಿ ಬರಲಿ, ಬಾಗಿಲು ಬರಲಿ ಎಂದು ಕಾದೆವು.

ಬಾಗಿಲು ಬಂತು. ಮುದುಕಿ ಕೆಮ್ಮುತ್ತ ಅದರ ಮುಂದೆ ನಿಂತಳು. ನನ್ನ ಬಾಳಿನಲ್ಲಿ ಇನ್ನೇನಿದೆ ಮಗನೇ, ನೀನು ಬದುಕಬೇಕಾದವನು ಎಂದಳು. ಬಾಗಿಲಿಗೆ ತಲೆಯಾನಿಸಿ ಕಲ್ಲಾದಳು. ಬಾಗಿಲು ತೆರೆಯಿತು. ರಾಜಕುಮಾರ ಆ ಕಲ್ಲನ್ನು ಒಂದು ಸಲ ಮುಟ್ಟಿ ಒಳಗೆ ಹೋದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಕಡೆಗೆ ಅವನ ಮದುವೆಯ ದಿನ ಆ ಕಲ್ಲಿಗೆ ಒಂದು ಹೂವಿನ ಹಾರ ಹಾಕಿದರು, ಅಷ್ಟೇ.

ಹೊರಗೆ ಬಂದ ಮೇಲೆ ಎದುರು ಮನೆಯಾಕೆ ಗೇಟ್ ಕಾಯುವವನನ್ನು ಹಿಡಿದು ಜಾಡಿಸತೊಡಗಿದಳು. ಬಾಗಿಲು ಅಳುವುದನ್ನು ಕತ್ತರಿಸಿದವರು ಯಾರು, ರೀಲು ನುಂಗಿದಿರೇನು ಎಂದು ಕೇಳಿದಳು. ಉಳಿದ ಹೆಂಗಸರೂ ಸುತ್ತುಗಟ್ಟಿದರು. ಆ ಪಾಪದವನು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಹಿಂದೆ ಸರಿದ. ಅಷ್ಟರಲ್ಲಿ ಕುದುರೆಗಾಗಿ ಬೈಯುತ್ತಿದ್ದ ಕಾಲೇಜು ಹುಡುಗನೊಬ್ಬ ನಡುವೆ ಬಾಯಿ ಹಾಕಿದ.

“ಅಕ್ಕಾರ, ಕುದುರಿ ತಪ್ಪೈತಿ ಖರೇ. ಮುದಿಕೀದ ತಪ್ಪಿಲ್ರಿ. ಕಾದಂಬರಿಯೊಳಗೂ ಆಕಿ ಅಲ್ಲೇ ಕಲ್ಲ ಆಗ್ತಾಳ.”

ಅವನನ್ನು ಹೆಂಗಸರು ಹೊಡೆಯದೆ ಬಿಟ್ಟದ್ದೇ ಹೆಚ್ಚು. ಅಕ್ಷರ ಅಕ್ಷರ ಓದಿದವರು ಇಲ್ಲೇ ಇದ್ದಾರೆ, ಕೇಳು ಎಂದು ಅತ್ತೆಯನ್ನು ಮುಂದಕ್ಕೆ ತಳ್ಳಿದರು. ಅಷ್ಟು ಮಂದಿ ಗಂಡಸರ ನಡುವೆ ಅತ್ತೆ ನಿಂತಳು. ಸೆರಗಿನ ತುದಿಯನ್ನು ಹಿಂಡುತ್ತಿದ್ದಳು.

“ನಾ ಓದಿದ್ರಾಗ ಆಕಿ ಸತ್ತಿಲ್ಲ,” ಅಂದಳು. ಹೆಂಗಸರು ಗೆದ್ದವರ ಹಾಗೆ ಹುಡುಗನನ್ನು ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಅದರಲ್ಲಿ ಗೆಲುವು ಇರಲಿಲ್ಲ.

ಬಸ್ಸಿನಲ್ಲಿ ನಾವಿಬ್ಬರೇ ಹಿಂದಿನ ಸೀಟಿನಲ್ಲಿ ಕುಳಿತಿದ್ದೆವು. ಹುಡುಗ ಹೇಳಿದ್ದು ಖರೆಯೇನು ಎಂದು ಕೇಳಿದೆ. ಹೌದು ಅಂದಳು ಅತ್ತೆ. ಆ ವಾರದ ಕಂತಿನ ಮೊದಲ ಪುಟದಲ್ಲೇ ಮುದುಕಿ ಕಲ್ಲಾಗಿದ್ದಳು. ಬಾಗಿಲಿನ ಮಾತೆಲ್ಲ ಅತ್ತೆಯದು. ಅಲ್ಲಿಂದ ಮುಂದೆ ಮುದುಕಿ ಆಡಿದ್ದು, ಗದರಿಸಿದ್ದು, ಬೆಂಕಿ ಹೊತ್ತು ತಂದದ್ದು ಎಲ್ಲ ಆಕೆಯದೇ.

ಹಾಗಿದ್ದರೆ ಮುದುಕಿ ಸಾಯುವುದು ಗೊತ್ತಿದ್ದೂ, ಅಜ್ಜಿಯ ಕೂಡ ಜಗಳ ಮಾಡಿ ಯಾಕೆ ಬಂದೆ ಎಂದೆ.

“ಸಿನಿಮಾದವರು ಎಲ್ಲಾ ಬದಲ ಮಾಡ್ತಾರಂತ ಕೇಳಿದ್ದೆ. ಇದನ್ನೂ ಮಾಡಿರ್ತಾರಂತ ಬಂದೆ,” ಅಂದಳು. “ಕುದುರಿ ಬದಲ ಮಾಡಿದ್ರು, ಕೋಟಿ ಬದಲ ಮಾಡಿದ್ರು. ಇದೊಂದನ್ನ ಮಾತ್ರ ಹಂಗ ಇಟ್ಟಾರ ನೋಡು.”

ಆ ಮಾತು ಕೇಳಿ ನನಗೆ ಬಂದ ಸಿಟ್ಟು ಈಗಲೂ ಹಾಗೇ ಇದೆ. ಬರೆದವನಿಗೆ ದಾರಿಯುದ್ದಕ್ಕೂ ಮುದುಕಿ ಬೇಕಿತ್ತು, ಕೋಟೆಯ ಕೊನೆಯ ಬಾಗಿಲು ಬಂದ ಕೂಡಲೇ ಬೇಡವಾದಳು. ಸಿನಿಮಾ ತೆಗೆದವನಿಗೆ ಕಥೆಯಲ್ಲಿ ತಿದ್ದಬೇಕು ಅನಿಸಿದ್ದು ಕುದುರೆಯ ಬಣ್ಣ. ನೋಡಲು ಬಂದ ಗಂಡಸರಿಗೆ ಸಿಟ್ಟು ಬಂದದ್ದೂ ಅದೇ ಬಣ್ಣಕ್ಕೆ. ಗಂಡ ಸತ್ತವಳ ಬಾಳಿನಲ್ಲಿ ಇನ್ನೇನಿದೆ ಎಂಬ ಮಾತು ಮಾತ್ರ ಇವರೆಲ್ಲರಿಗೂ ಸರಿಯಾಗಿಯೇ ಕೇಳಿಸಿತ್ತು. ನಮ್ಮ ಮನೆಯಲ್ಲೂ ಅದು ಸರಿಯಾಗಿಯೇ ಕೇಳಿಸುತ್ತಿತ್ತು.

ಮರುದಿನ ಚೀಲಗಳು ಬಂದವು. ಅತ್ತೆ ನಮ್ಮೆಲ್ಲರ ಸಾಲಿನಲ್ಲಿ ಕುಳಿತು ಗುಡ್ಡೆಗೆ ಕೈ ಹಾಕಿದಳು. ಎದುರು ಮನೆಯಾಕೆ ಅಜ್ಜಿಗೆ ಸಿನಿಮಾದ ಕಥೆ ಹೇಳಿದಳು. ಮುದುಕಿಯನ್ನು ಹೇಗೆ ಕೊಂದರು ಎಂಬುದನ್ನು ಎರಡೆರಡು ಸಲ ಹೇಳಿದಳು. ಅಜ್ಜಿ ತೊಟ್ಟು ಮುರಿಯುತ್ತ ಕೇಳಿದಳು. ಎಲ್ಲ ಕೇಳಿಯಾದ ಮೇಲೆ ಕೈ ಚಾಚಿ, ಅತ್ತೆಯ ಮುಂದಿದ್ದ ಮೆಣಸಿನಕಾಯಿ ಗುಡ್ಡೆಯನ್ನು ಪೂರ್ತಿ ತನ್ನ ಕಡೆಗೆ ಎಳೆದುಕೊಂಡಳು.

“ಕೈ ತೊಳಕೊಂಡ ಬಾ. ಆ ಬಾಗಲದ್ದು ಓದು.”

ಅತ್ತೆ ಏಳಲಿಲ್ಲ. “ಪುಸ್ತಕ ಇಲ್ಲಬೇ ಯವ್ವಾ,” ಅಂದಳು.

“ಆವತ್ತರ ಅದರಾಗ ಎಲ್ಲಿತ್ತು? ಅಷ್ಟೊತ್ತು ಓದೀದಿ, ಒಂದ ಹಾಳಿ ತಿರುವಿಲ್ಲ. ನನಗ ಅಕ್ಷರ ಬರೂದಿಲ್ಲ, ಕಣ್ಣ ಕಾಣ್ತಾವ.”

ಎದುರು ಮನೆಯಾಕೆ ಸರಿದು ಅತ್ತೆಗೆ ದಾರಿ ಬಿಟ್ಟಳು. ಅತ್ತೆ ಎದ್ದು ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡು ಬಂದಳು.