ಪಕ್ಕದ ಮನೆಗೆ ಹೋದ ಕಾಗದ

ಫಿಲೋಮಿನಾ ಮಿಸ್ ಸೀರೆಯ ಮೇಲೆ, ಎದೆಯ ನಡುವಿನಿಂದ ತುಸು ಎಡಕ್ಕೆ, ಸೀಮೆಸುಣ್ಣದ ಬಿಳಿ ಗುರುತೊಂದು ಸದಾ ಇರುತ್ತಿತ್ತು. ಹೃದಯದ ಪಾಠ ಬಂದಾಗಲೆಲ್ಲ ಸುಣ್ಣ ಮೆತ್ತಿದ ಮುಷ್ಟಿಯನ್ನು ಅಲ್ಲಿ ಒತ್ತಿ, "ಇಷ್ಟೇ ಕಣ್ರೋ, ಅವರವರ ಮುಷ್ಟಿಯಷ್ಟು. ಪೂರ್ತಿ ಎಡಗಡೆ ಇರೋದು ಸಿನಿಮಾದವರ ಹೃದಯ" ಎನ್ನುತ್ತಿದ್ದರು. ಆ ಗುರುತು ಹೊತ್ತೇ ಮೀನಂಗಡಿಗೆ ಹೋಗುತ್ತಿದ್ದರು, ಸಂಜೆಯ ಪ್ರಾರ್ಥನೆಗೂ.

ನಿವೃತ್ತಿಯ ನಂತರ ಮಂಡಿ ಮೊಹಲ್ಲಾದ ತಮ್ಮ ಎರಡು ಕೋಣೆಯ ಮನೆಯಲ್ಲೇ ಟ್ಯೂಷನ್ ಮಾಡುತ್ತಿದ್ದರು. ನಾನು ಎದುರು ಮನೆಯವಳು. ಸಣ್ಣ ಕರುಳಿನ ಉದ್ದ ತೋರಿಸಲು ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ನಮ್ಮ ಕೈಲಿ ಬೀದಿಯ ತನಕ ಎಳೆಸುತ್ತಿದ್ದರು. "ಇಷ್ಟನ್ನೂ ಹೊಟ್ಟೇಲಿ ಮಡಚಿಟ್ಕೊಂಡು ಎಂಗ್ರೋ ಕುಣೀತೀರಾ?"

ನಾನೋ ಚರ್ಚಾಸ್ಪರ್ಧೆಯ ಹುಡುಗಿ. ಪುರಾವೆಯಿಲ್ಲದೆ ಏನನ್ನೂ ಒಪ್ಪುತ್ತಿರಲಿಲ್ಲ. "ಕೆಟ್ಟಿರೋದು ಹೃದಯ, ತೋಳು ಯಾಕೆ ಮಿಸ್ ನೋಯಬೇಕು?" ಎಂದು ಒಮ್ಮೆ ಸವಾಲು ಹಾಕಿದೆ.

"ಲಾಯರಮ್ಮಾ, ಹೃದಯದ ನೋವಿಗೆ ನೆಟ್ಟಗೆ ವಿಳಾಸ ಇಲ್ಲ ಕಣೇ. ತೋಳು, ದವಡೆ, ಬೆನ್ನು, ಎಲ್ಲರ ಕಾಗದದ ಜೊತೆ ಅದರದ್ದೂ ಒಂದೇ ಚೀಲದಲ್ಲಿ ಹೋಗುತ್ತೆ. ಮಿದುಳು ಅನ್ನೋ ಪೋಸ್ಟ್‌ಮ್ಯಾನು ಪಕ್ಕದ ಮನೆಗೆ ಕೊಟ್ಬುಡ್ತಾನೆ."

"ಇದು ಹೋಲಿಕೆ. ಪುರಾವೆ ಅಲ್ಲ."

"ಪುರಾವೆ ಬರೋ ಹೊತ್ತಿಗೆ ರೋಗಿ ಇರಲ್ಲ ಬುಡು" ಎಂದು ನಕ್ಕಿದ್ದರು.

ಈ ಪಾಠ ನನಗೆ ಬಾಯಿಪಾಠವಾಗಿತ್ತು. ಅದನ್ನು ನೆನೆದಾಗಲೆಲ್ಲ ಈಗ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ.

ಹೋದ ಜೂನ್‌ನಲ್ಲಿ ಒಂದು ಬೆಳಿಗ್ಗೆ ಪುಸ್ತಕ ಹಿಂದಿರುಗಿಸಲು ಹೋದೆ. ಮಿಸ್ ದವಡೆ ಹಿಡಿದು ಕೂತಿದ್ದರು, ಬಾಯಲ್ಲಿ ಲವಂಗ. "ಹಲ್ಲು ಕಣೇ, ಎದ್ದಾಗಿಂದ ಸಾಯ್ಸ್ತಾ ಇದೆ. ಜೊತೆಗೆ ಗ್ಯಾಸು ಬೇರೆ."

ನನ್ನ ಕಿವಿಗೆ ಬಿದ್ದದ್ದು ಹಲ್ಲು, ಕಣ್ಣಿಗೆ ಬಿದ್ದದ್ದು ಲವಂಗ. ವಿಜ್ಞಾನ ಕಲಿಸಿದವರು ಲವಂಗ ನಂಬುವುದೇ? ಎದುರಿಗೇ ಕೂತು ವಾದಕ್ಕಿಳಿದೆ. ಅವರು ಬಿಟ್ಟಾರೆಯೇ? "ಮರಗಟ್ಟಿಸುತ್ತೆ ಕಣೇ. ನೀನೇ ಕಚ್ಚಿ ನೋಡು" ಎಂದು ನನ್ನ ಬಾಯಿಗೂ ಒಂದು ತುರುಕಿದರು. ಅದನ್ನು ಕೆನ್ನೆಯಲ್ಲಿಟ್ಟುಕೊಂಡೇ ವಾದಿಸಿದೆ. ಹೀಗೆ ಕಾಲು ಗಂಟೆ ಕಳೆಯಿತು. ಕೊನೆಗೆ, ಗೆಲ್ಲಲೆಂದೇ, "ಯಾವ ಹಲ್ಲು ಅಂತ ಮೊದಲು ತೋರಿಸಿ" ಎಂದೆ.

ಮಿಸ್ ಬೆರಳಿಂದ ಒಂದೊಂದೇ ಹಲ್ಲನ್ನು ತಟ್ಟುತ್ತ ಹೋದರು. ಯಾವುದೂ ನೋಯಲಿಲ್ಲ. ಬೆರಳು ಕೊನೆಯ ಹಲ್ಲಿನ ಮೇಲೆ ನಿಂತಿತು. ಅವರ ಹಣೆ ಬೆವೆತಿರುವುದನ್ನು ಆಗ ನೋಡಿದೆ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಪೋಸ್ಟ್‌ಮ್ಯಾನು" ಎಂದರು, ಮೆಲ್ಲಗೆ.

ಆಟೋ ಸಿಕ್ಕಿತು. ಆದರೆ ಬೀದಿಯ ತುದಿಯಲ್ಲಿ ಮೂಟೆ ಇಳಿಸುತ್ತಿದ್ದ ಲಾರಿ ಅಡ್ಡ ನಿಂತಿತ್ತು. ಕೆಳಗೆ ಹಾರಿ ಓಡಿದೆ. "ಅಣ್ಣಾ, ಹಾರ್ಟು! ಲಾರಿ ತೆಗೀರಿ!"

"ಇನ್ನು ನಾಕೇ ಮೂಟೆ ಕಣಮ್ಮ."

ಎಷ್ಟೋ ವೇದಿಕೆಯಲ್ಲಿ ಗೆದ್ದ ಗಂಟಲು ನನ್ನದು. ಅಲ್ಲಿ ಒಂದು ವಾದವೂ ಹೊರಡಲಿಲ್ಲ. ಕೈ ಮುಗಿದೆ, ಬೈದೆ, ಅತ್ತೆ. ಲಾರಿ ಸರಿಯಿತು, ಅಂಗುಲ ಅಂಗುಲವಾಗಿ.

ಆಟೋದಲ್ಲಿ ಮಿಸ್ ಮುಷ್ಟಿಯನ್ನು ಅದೇ ಜಾಗಕ್ಕೆ ಒತ್ತಿಕೊಂಡಿದ್ದರು. "ಪುರಾವೆ ಬಂತಲ್ಲ, ಲಾಯರಮ್ಮಾ."

"ಮಾತಾಡಬೇಡಿ ಮಿಸ್. ನಾನು ಸೋತೆ. ಒಪ್ಪಿದೀನಿ. ಎಲ್ಲ ಒಪ್ಪಿದೀನಿ."

ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್‌ಗೆ ಮಲಗಿಸುವಾಗ ಆ ಮುಷ್ಟಿ ಬಿಚ್ಚಿಕೊಂಡಿತ್ತು.

ಒಳಗಿಂದ ಬಂದ ಡಾಕ್ಟರು ಅಡ್ಡಡ್ಡ ತಲೆಯಾಡಿಸಿದರು. ಆಮೇಲೆ ಕೇಳಿದರು: "ನೋವು ಶುರುವಾದ ತಕ್ಷಣ ಯಾಕಮ್ಮ ಕರ್ಕೊಂಡು ಬರಲಿಲ್ಲ?"

ಹೇಳಲು ಬಾಯಿ ತೆರೆದೆ. ಲವಂಗ ಇನ್ನೂ ಕೆನ್ನೆಯಲ್ಲೇ ಇತ್ತು. ಮಿಸ್ ಹೇಳಿದ್ದು ನಿಜ. ನಾಲಿಗೆ ಪೂರ್ತಿ ಮರಗಟ್ಟಿತ್ತು.