ಕಪಾಟಿನಡಿಯ ಕಾರುಗಳು

ಅಂಕೋಲೆಯ ನಮ್ಮ ನೆರೆಯವರು ಚೌತಿಗೆ ಯಾರೇ ಬರಲಿ, ಊಟವಾದೊಡನೆ ಟೀವಿ ಆರಿಸಿ ನೆಲದ ಮೇಲೆ ಆಟದ ಕಾರುಗಳ ಟ್ರ್ಯಾಕ್ ಜೋಡಿಸುತ್ತಿದ್ದರು. ಗುಂಡಿ ಒತ್ತಿದರೆ ಎರಡು ಪುಟ್ಟ ಕರೆಂಟ್ ಕಾರುಗಳು ತಂತಮ್ಮ ಸೀಳಿನಲ್ಲಿ ಓಡುತ್ತಿದ್ದವು. ತಿರುವಿನಲ್ಲಿ ಜೋರಾಗಿ ಒತ್ತಿದರೆ ಹಾರಿ ಬೀಳುತ್ತಿದ್ದವು. ಅವರ ಕಾರು ಮಾತ್ರ ಯಾವಾಗಲೂ ಕೊನೆಯ ಸುತ್ತಿನಲ್ಲೇ ಹಾರಿ ಕಪಾಟಿನಡಿ ಸೇರುತ್ತಿತ್ತು.

"ಮನೆಗೆ ಬಂದವ್ರು ಗೆಲ್ಬೇಕು ಮಾರಾಯ್ರೆ," ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು.

ಅಡುಗೆಮನೆಯಿಂದ ಅವರ ಹೆಂಡತಿ, "ಮತ್ತೆ ಬಿತ್ತಾ? ಇವ್ರಿಗೆ ಸೈಕಲ್ಲೂ ಬರೂದಿಲ್ಲ!" ಎಂದು ನಗುತ್ತಿದ್ದರು.

ಆಕೆ ತೀರಿಕೊಂಡ ವರ್ಷ ಆ ಮನೆಯಲ್ಲಿ ಹಬ್ಬ ಮಾಡುವಂತಿರಲಿಲ್ಲ. ಆದರೂ ಚೌತಿಯ ದಿನ ಹೋದೆ. ಆಟದ ಕಾರಿನ ಕರೆಂಟಿಗೂ ಹೆದರುವವನು ನಾನು. ಅಲ್ಲಿ ಏನು ಮಾತಾಡಲಿ ಎಂದು ಅಂಗಳ ದಾಟುವಷ್ಟರಲ್ಲೇ ಬೆವರಿದ್ದೆ.

"ಹಬ್ಬ ಇಲ್ಲ. ಆದ್ರೆ ನೀವು ಬಂದ್ರಲ್ಲ," ಎಂದು ಅವರು ಟ್ರ್ಯಾಕ್ ಜೋಡಿಸಿದರು.

ಇವತ್ತಾದರೂ ಅವರೇ ಗೆಲ್ಲಲಿ ಎಂದುಕೊಂಡು ಕೊನೆಯ ತಿರುವಿನಲ್ಲಿ ನಾನು ಗುಂಡಿಯನ್ನು ಬಲವಾಗಿ ಒತ್ತಿದೆ. ಅವರೂ ಒತ್ತಿದರು. ಎರಡೂ ಕಾರು ಒಟ್ಟಿಗೆ ಹಾರಿ ಕಪಾಟಿನಡಿ ಹೋದವು.

ತೆಗೆಯಲು ಇಬ್ಬರೂ ಬಗ್ಗಲಿಲ್ಲ. ಅಡುಗೆಮನೆಯ ಬಾಗಿಲ ಕಡೆ ನೋಡುತ್ತ ಕೂತೆವು.